ಓದಿದ್ದು ತಲೆಯಲ್ಲಿ ನಿಲ್ಲಬೇಕೆಂದರೆ: ನರಕೋಶದ ಸಮಯ ನೋಡಿ ಓದುವ ಕ್ರಮ

ಶಿರಸಿಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳುವವಳು ನಾನು. ಪಾಲಕರ ಸಭೆ ಮುಗಿದ ಮೇಲೆ ಯಾರಾದರೂ ಒಬ್ಬರು ಹಿಂದೆ ಉಳಿದು ಕೇಳಿಯೇ ಕೇಳುತ್ತಾರೆ: "ಮೇಡಂ, ಮಗನಿಗೆ ನೆನಪಿನ ಶಕ್ತಿಗೆ ಏನು ಕೊಡ್ಲಿ?" ಒಂದೆಲಗ, ಬಾದಾಮಿ, ಯಾವುದೋ ಸಿರಪ್ಪು ಅಂತ ಪಟ್ಟಿ ಅವರ ಹತ್ತಿರ ಆಗಲೇ ತಯಾರಿರುತ್ತದೆ. ನನ್ನ ಉತ್ತರ ಅವರಿಗೆ ಅಷ್ಟಾಗಿ ರುಚಿಸುವುದಿಲ್ಲ. "ಬಿಡುವು ಕೊಡಿ" ಎನ್ನುತ್ತೇನೆ.

ರಜೆ ಹಾಕಿ ಮಲಗಲಿ ಎಂದು ನಾನು ಹೇಳುತ್ತಿಲ್ಲ. ಒಂದು ಪಾಠ ಓದಿದ ಮೇಲೆ ಅದನ್ನೇ ಮತ್ತೆ ಮುಟ್ಟುವ ಮುಂಚೆ ಎಷ್ಟು ಹೊತ್ತು ಬಿಡಬೇಕು, ಆ ಹೊತ್ತಿನಲ್ಲಿ ಏನು ಮಾಡಬೇಕು ಎಂಬುದನ್ನು ಸರಿಯಾಗಿ ಇಟ್ಟುಕೊಂಡರೆ ಅರ್ಧ ಕೆಲಸ ಆದಂತೆ. ಯಾಕೆಂದರೆ ನೆನಪು ಗಟ್ಟಿಯಾಗಲು ನರಕೋಶ ಹೊಸ ಪ್ರೋಟೀನು ತಯಾರಿಸಬೇಕು. ಅದಕ್ಕೆ ಅದರದ್ದೇ ಸಮಯ ಬೇಕು. ನಾಳೆ ಪರೀಕ್ಷೆ ಇದೆ ಎಂದು ನಾವು ಗಡಿಬಿಡಿ ಮಾಡಿದರೆ ಅದೇನೂ ಗಡಿಬಿಡಿ ಮಾಡುವುದಿಲ್ಲ.

ಮೊದಲು ಆ ರಸಾಯನವನ್ನು ಸ್ವಲ್ಪ ಹೇಳುತ್ತೇನೆ, ಆಮೇಲೆ ಓದುವ ಕ್ರಮ. ಕ್ರಮಕ್ಕೆ ಉದಾಹರಣೆಯಾಗಿ ನೆಫ್ರಾನ್, ಅಂದರೆ ಮೂತ್ರಪಿಂಡದ ಸೋಸುವ ಘಟಕದ ಪಾಠ ತೆಗೆದುಕೊಂಡಿದ್ದೇನೆ; ಅವಸರ ಇರುವವರು ನೇರವಾಗಿ ಅಲ್ಲಿಗೆ ಹಾರಬಹುದು. ಆದರೆ ಕಾರಣ ಗೊತ್ತಿರುವ ಮಕ್ಕಳೇ ಕ್ರಮವನ್ನು ಕೊನೆವರೆಗೆ ಬಿಡದೆ ಪಾಲಿಸುವುದನ್ನು ನಾನು ನೋಡಿದ್ದೇನೆ.

ಮೊದಲ ಕೆಲವು ನಿಮಿಷ

ಎರಡು ನರಕೋಶಗಳ ನಡುವೆ ಒಂದು ಸಣ್ಣ ಸಂದು ಇದೆ. ಸುಮಾರು 20 ನ್ಯಾನೊಮೀಟರ್ ಅಗಲ. ಈ ಜಾಗವೇ ಸಿನಾಪ್ಸ್. ಮೊದಲ ಕೋಶ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಸಂದಿಗೆ ಬಿಡುತ್ತದೆ. ಆಚೆ ಬದಿಯ ಕೋಶದ ಮೈಮೇಲೆ ಅದನ್ನು ಹಿಡಿಯುವ ರಿಸೆಪ್ಟರ್‌ಗಳು ಇರುತ್ತವೆ. ನಮ್ಮ ಕಥೆಗೆ ಎರಡು ಬಗೆಯವು ಮುಖ್ಯ: ಎಎಂಪಿಎ ಮತ್ತು ಎನ್‌ಎಂಡಿಎ.

ಎಎಂಪಿಎದ್ದು ಸೀದಾ ಸ್ವಭಾವ. ಗ್ಲುಟಮೇಟ್ ಬಂದು ಕೂತರೆ ತೆರೆಯುತ್ತದೆ, ಸೋಡಿಯಂ ಒಳಗೆ ನುಗ್ಗುತ್ತದೆ. ಎನ್‌ಎಂಡಿಎ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಕೋಶ ಸುಮ್ಮನಿದ್ದಾಗ, ಅಂದರೆ ಒಳಗಿನ ವೋಲ್ಟೇಜ್ ಮೈನಸ್ 70 ಮಿಲಿವೋಲ್ಟ್ ಆಸುಪಾಸು ಇದ್ದಾಗ, ಅದರ ದಾರಿಯಲ್ಲಿ ಒಂದು ಮೆಗ್ನೀಸಿಯಂ ಅಯಾನು ಬಾಟಲಿಯ ಬಿರಡೆಯ ಹಾಗೆ ಸಿಕ್ಕಿಕೊಂಡಿರುತ್ತದೆ. ಗ್ಲುಟಮೇಟ್ ಬಂದು ಕೂತರೂ ಪ್ರಯೋಜನ ಇಲ್ಲ, ಬಿರಡೆ ಅಲ್ಲೇ. ಆ ಕೋಶ ಅದೇ ಹೊತ್ತಿಗೆ ಜೋರಾಗಿ ಉದ್ರೇಕಗೊಂಡು ವೋಲ್ಟೇಜ್ ಮೇಲೆ ಏರಿದರೆ ಮಾತ್ರ ಮೆಗ್ನೀಸಿಯಂ ಹೊರಗೆ ಚಿಮ್ಮುತ್ತದೆ. ಆಗ ಕ್ಯಾಲ್ಸಿಯಂ ಒಳಗೆ ಬರುತ್ತದೆ.

ಇಲ್ಲಿ ಒಂದು ನಿಮಿಷ ನಿಲ್ಲಿ. ಬಾಗಿಲು ತೆರೆಯಲು ಎರಡು ಸಂಗತಿ ಒಟ್ಟಿಗೆ ಆಗಬೇಕು. ಈಚೆ ಕೋಶ ಗ್ಲುಟಮೇಟ್ ಕಳಿಸಬೇಕು, ಆಚೆ ಕೋಶವೂ ಎಚ್ಚೆತ್ತಿರಬೇಕು. ಜೊತೆಜೊತೆಗೆ ಕೆಲಸ ಮಾಡುವ ಕೋಶಗಳ ನಂಟು ಬಲಗೊಳ್ಳುತ್ತದೆ ಎಂದು ಡೊನಾಲ್ಡ್ ಹೆಬ್ 1949ರಲ್ಲೇ ಬರೆದಿದ್ದರು. ಆಗ ಅದು ಬರೀ ಊಹೆ. ಈ ಮೆಗ್ನೀಸಿಯಂ ವಿಷಯ ಬೆಳಕಿಗೆ ಬಂದದ್ದು 1984ರಲ್ಲಿ. ಒಂದು ಅಣುವಿನಲ್ಲೇ ಹೆಬ್ ಹೇಳಿದ ಷರತ್ತು ಕೂತಿದೆ! ಈ ಪಾಠ ಮಾಡುವಾಗ ಪ್ರತಿ ವರ್ಷವೂ ನನಗೆ ಖುಷಿಯಾಗುತ್ತದೆ. ಮಕ್ಕಳಿಗೆ ಅಷ್ಟು ಆಗುವುದಿಲ್ಲ, ಇರಲಿ.

ಒಳಗೆ ಬಂದ ಕ್ಯಾಲ್ಸಿಯಂ ಕ್ಯಾಮ್‌ಕೆ-2 ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಈ ಕಿಣ್ವಕ್ಕೆ ಒಂದು ವಿಶೇಷ ಗುಣ ಇದೆ. ಒಮ್ಮೆ ಎದ್ದರೆ ತನ್ನ ಮೇಲೇ ಫಾಸ್ಫೇಟ್ ಅಂಟಿಸಿಕೊಂಡು, ಕ್ಯಾಲ್ಸಿಯಂ ಇಳಿದ ಮೇಲೂ ಸ್ವಲ್ಪ ಹೊತ್ತು ಕೆಲಸ ಮುಂದುವರಿಸುತ್ತದೆ. ಇರುವ ಎಎಂಪಿಎ ರಿಸೆಪ್ಟರ್‌ಗಳನ್ನು ಚುರುಕು ಮಾಡುತ್ತದೆ, ಹೊಸವು ಪೊರೆಗೆ ಬಂದು ಸೇರಲು ದಾರಿ ಮಾಡುತ್ತದೆ. ಮುಂದಿನ ಸಲ ಅಷ್ಟೇ ಗ್ಲುಟಮೇಟ್ ಬಂದರೂ ಪ್ರತಿಕ್ರಿಯೆ ಜಾಸ್ತಿ.

ಹೀಗೆ ಸಿನಾಪ್ಸ್ ಬಲಗೊಂಡು ಗಂಟೆಗಟ್ಟಲೆ ಹಾಗೇ ಉಳಿಯುವುದನ್ನು ಮೊದಲು ವಿವರವಾಗಿ ತೋರಿಸಿದವರು ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೊ. ಓಸ್ಲೊದಲ್ಲಿ ಮೊಲಗಳ ಹಿಪ್ಪೊಕ್ಯಾಂಪಸ್ ಮೇಲೆ ಮಾಡಿದ ಪ್ರಯೋಗ, ಪ್ರಕಟವಾದದ್ದು 1973ರಲ್ಲಿ. ಹಿಪ್ಪೊಕ್ಯಾಂಪಸ್ ಕಿವಿಯ ಮೇಲ್ಭಾಗದ ನೇರಕ್ಕೆ, ಮೆದುಳಿನ ಒಳಗಡೆ ಇದೆ. ಎರಡೂ ಬದಿ ಒಂದೊಂದು. 1986ರಲ್ಲಿ ಸ್ಕಾಟ್ಲೆಂಡಿನಲ್ಲಿ ರಿಚರ್ಡ್ ಮಾರಿಸ್ ಮತ್ತು ಜೊತೆಗಾರರು ಎನ್‌ಎಂಡಿಎ ರಿಸೆಪ್ಟರನ್ನು ತಡೆಯುವ ಔಷಧಿಯನ್ನು ಇಲಿಗಳ ಮೆದುಳಿಗೆ ಕೊಟ್ಟರು. ತೊಟ್ಟಿಯಲ್ಲಿ ಬೆಳ್ಳಗಿನ ಮಬ್ಬು ನೀರು, ಅದರ ಅಡಿಯಲ್ಲಿ ಕಾಣದಂತೆ ಒಂದು ಪುಟ್ಟ ಕಟ್ಟೆ. ಉಳಿದ ಇಲಿಗಳು ಅದು ಎಲ್ಲಿದೆ ಎಂದು ಕಲಿತವು. ಔಷಧಿ ಸಿಕ್ಕ ಇಲಿಗಳು ಸರಿಯಾಗಿ ಕಲಿಯಲಿಲ್ಲ.

ಇದರಿಂದ ಓದುವವರಿಗೆ ಏನು ಸಿಗುತ್ತದೆ? ಕೋಶ ಎಚ್ಚೆತ್ತಿರಬೇಕು ಎಂಬುದು. ಒಂದು ಸಿನಾಪ್ಸ್‌ನಿಂದ ನೇರ ಮೊಬೈಲಿಗೆ ಹಾರುವುದು ಸ್ವಲ್ಪ ದೊಡ್ಡ ಜಿಗಿತ, ಒಪ್ಪುತ್ತೇನೆ. ಆದರೆ ಗಮನ ಕೊಟ್ಟಾಗ, ಕುತೂಹಲ ಹುಟ್ಟಿದಾಗ ಮೆದುಳಿನಲ್ಲಿ ಬಿಡುಗಡೆಯಾಗುವ ಅಸಿಟೈಲ್‌ಕೋಲಿನ್, ನಾರ್‌ಅಡ್ರಿನಲಿನ್, ಡೋಪಮಿನ್ ಇವೆಲ್ಲ ಸಿನಾಪ್ಸ್ ಬಲಗೊಳ್ಳುವುದನ್ನು ಸುಲಭ ಮಾಡುತ್ತವೆ ಎಂಬುದಕ್ಕೆ ಬೇಕಾದಷ್ಟು ಆಧಾರ ಇದೆ. ಹಾಗಾಗಿ ಓದುವ ಇಪ್ಪತ್ತೈದು ನಿಮಿಷ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮಗುಚಿ ಇಟ್ಟರೆ ಸಾಲದು.

ಗಟ್ಟಿಯಾಗುವುದು ಯಾವಾಗ

ಇಲ್ಲಿಯವರೆಗೆ ಹೇಳಿದ್ದು ಇದ್ದ ಪ್ರೋಟೀನುಗಳನ್ನೇ ಆಚೀಚೆ ಮಾಡಿ ನಡೆಸಿದ ಕೆಲಸ. ಅದು ಹೆಚ್ಚು ಕಾಲ ನಿಲ್ಲುವುದಿಲ್ಲ. ದಿನಗಟ್ಟಲೆ, ವರ್ಷಗಟ್ಟಲೆ ಉಳಿಯಬೇಕೆಂದರೆ ಕೋಶಕೇಂದ್ರಕ್ಕೆ ಸುದ್ದಿ ಹೋಗಿ, ಜೀನುಗಳು ಚಾಲೂ ಆಗಿ, ಹೊಸ ಪ್ರೋಟೀನು ಬರಬೇಕು.

1960ರ ದಶಕದಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಬರ್ನಾರ್ಡ್ ಅಗ್ರಾನಾಫ್ ಗೋಲ್ಡ್ ಫಿಶ್‌ಗಳಿಗೆ ಪಾಠ ಕಲಿಸಿದರು. ದೀಪ ಹತ್ತಿದರೆ ತೊಟ್ಟಿಯ ಆಚೆ ಬದಿಗೆ ಈಜಬೇಕು, ಇಲ್ಲದಿದ್ದರೆ ಸಣ್ಣ ಶಾಕ್. ಮೀನುಗಳು ಕಲಿತವು. ಕಲಿತ ಕೂಡಲೇ ಪ್ರೋಟೀನ್ ತಯಾರಿಕೆ ನಿಲ್ಲಿಸುವ ಪ್ಯೂರೋಮೈಸಿನ್ ಚುಚ್ಚಿದರೆ ಕೆಲವು ದಿನಗಳ ನಂತರ ಏನೂ ನೆನಪಿಲ್ಲ. ಅದೇ ಔಷಧಿಯನ್ನು ಒಂದು ಗಂಟೆ ತಡವಾಗಿ ಕೊಟ್ಟರೆ ನೆನಪು ಹಾಗೇ ಇತ್ತು. ಅಂದರೆ ಕಲಿಯುವುದು ಬೇರೆ, ಕಲಿತದ್ದು ಉಳಿಯುವುದು ಬೇರೆ. ಉಳಿಯುವ ಕೆಲಸ ಪಾಠ ಮುಗಿದ ಮೇಲೆ ನಡೆಯುತ್ತದೆ.

ಎರಿಕ್ ಕ್ಯಾಂಡೆಲ್ ಇದನ್ನು ಅಣುಗಳ ಮಟ್ಟದವರೆಗೆ ಬಿಡಿಸಿದರು. ಅವರು ಆರಿಸಿಕೊಂಡದ್ದು ಅಪ್ಲೀಸಿಯಾ ಎಂಬ ಸಮುದ್ರದ ಮೃದ್ವಂಗಿ. ಸುಮಾರು 20,000 ನರಕೋಶಗಳಷ್ಟೇ ಇರುವ ಪ್ರಾಣಿ. ಕೆಲವು ಕೋಶಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ಬಾಲಕ್ಕೆ ಒಮ್ಮೆ ಶಾಕ್ ಕೊಟ್ಟರೆ ಅದು ಕೆಲವು ನಿಮಿಷ ಬೆದರಿಕೊಂಡಿರುತ್ತದೆ, ಸುಮ್ನೆ ಮುಟ್ಟಿದರೂ ಕಿವಿರನ್ನು ಜೋರಾಗಿ ಒಳಗೆ ಎಳೆದುಕೊಳ್ಳುತ್ತದೆ. ಬಿಟ್ಟು ಬಿಟ್ಟು ಹಲವು ಸಲ ಕೊಟ್ಟರೆ ಆ ಬೆದರು ದಿನಗಟ್ಟಲೆ ಇರುತ್ತದೆ.

ಗಾಜಿನ ತಟ್ಟೆಯಲ್ಲಿ ಬರೀ ಎರಡು ಕೋಶ ಬೆಳೆಸಿ, ಶಾಕ್ ಬದಲು, ಶಾಕ್ ತಗುಲಿದಾಗ ನರಗಳು ಬಿಡುವ ಸೆರೊಟೋನಿನ್ ಎಂಬ ರಾಸಾಯನಿಕ ಹಾಕಿ ನೋಡಿದಾಗಲೂ ಅದೇ. ಒಂದು ಸಲ ಹಾಕಿದರೆ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸುದ್ದಿ ಒಯ್ಯುವ ಅಣು (ಮೇಲಿನ ಎಎಂಪಿಎ ಬೇರೆ, ಇದು ಬೇರೆ) ಏರುತ್ತದೆ, ಅದು ಪಿಕೆಎ ಎಂಬ ಕಿಣ್ವವನ್ನು ಬಿಡಿಸುತ್ತದೆ, ಸಿನಾಪ್ಸ್ ಸ್ವಲ್ಪ ಹೊತ್ತು ಬಲಗೊಳ್ಳುತ್ತದೆ, ಆಮೇಲೆ ಇಳಿಯುತ್ತದೆ. ನಡುವೆ ಅಂತರ ಬಿಟ್ಟು ಐದು ಸಲ ಹಾಕಿದರೆ ಪಿಕೆಎ ಕೋಶಕೇಂದ್ರದ ಒಳಗೇ ಹೋಗುತ್ತದೆ. ಅಲ್ಲಿ ಸಿಆರ್‌ಇಬಿ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಅದು ಜೀನುಗಳನ್ನು ಚಾಲೂ ಮಾಡುತ್ತದೆ. ಕೊನೆಗೆ ಹೊಸ ಸಿನಾಪ್ಸ್‌ಗಳೇ ಮೊಳೆಯುತ್ತವೆ. ದೀರ್ಘ ತರಬೇತಿ ಪಡೆದ ಅಪ್ಲೀಸಿಯಾದಲ್ಲಿ ಸಂವೇದನಾ ಕೋಶದ ಸಿನಾಪ್ಸ್‌ಗಳ ಸಂಖ್ಯೆ ಸುಮಾರು ಎರಡರಷ್ಟಾದದ್ದನ್ನು ಅವರ ಜೊತೆಗಾರರು ಎಣಿಸಿ ತೋರಿಸಿದ್ದಾರೆ. ಕ್ಯಾಂಡೆಲ್‌ಗೆ 2000ದಲ್ಲಿ ನೊಬೆಲ್ ಬಂತು, ಆರ್ವಿಡ್ ಕಾರ್ಲ್‌ಸನ್ ಮತ್ತು ಪಾಲ್ ಗ್ರೀನ್‌ಗಾರ್ಡ್ ಜೊತೆ.

ಇನ್ನೂ ಒಂದು ಪ್ರಯೋಗ ಹೇಳಿಬಿಡುತ್ತೇನೆ, ಯಾಕೆಂದರೆ ರಾತ್ರಿಯಿಡೀ ಕೂತು ಓದುವವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಟಿಮ್ ಟಲಿ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ್ದು. ಬಾಳೆಹಣ್ಣಿನ ಮೇಲೆ ಹಾರಾಡುತ್ತವಲ್ಲ, ಆ ಪುಟ್ಟ ಹಣ್ಣುನೊಣಗಳು. ಒಂದು ವಾಸನೆ ಬಂದರೆ ಶಾಕ್ ಬರುತ್ತದೆ ಎಂದು ಕಲಿಸಬೇಕು. ಒಂದು ಗುಂಪಿಗೆ ಹತ್ತು ಪಾಠ ಸಾಲಾಗಿ, ಬಿಡುವಿಲ್ಲದೆ. ಇನ್ನೊಂದಕ್ಕೆ ಅದೇ ಹತ್ತು ಪಾಠ, ನಡುನಡುವೆ 15 ನಿಮಿಷ ಬಿಡುವು. ಪಾಠದ ಸಂಖ್ಯೆ ಒಂದೇ, ಶಾಕ್ ಅಷ್ಟೇ. ಬಿಡುವು ಸಿಕ್ಕ ನೊಣಗಳ ನೆನಪು ಒಂದು ವಾರ ಆದರೂ ಇತ್ತು. ಬಿಡುವಿಲ್ಲದವು ಮೂರ್ನಾಲ್ಕು ದಿನದಲ್ಲಿ ಮರೆತವು. ಹೊಸ ಪ್ರೋಟೀನ್ ಬೇಕಾದ ಆ ಗಟ್ಟಿ ನೆನಪು ಬಿಡುವು ಸಿಕ್ಕವುಗಳಲ್ಲಿ ಮಾತ್ರ ಹುಟ್ಟಿತ್ತು.

ನೆಫ್ರಾನ್ ಇಟ್ಟುಕೊಂಡು ಮಾಡಿ ನೋಡೋಣ

ಮೊದಲ ಪಿಯುಸಿಯ ವಿಸರ್ಜನೆ ಪಾಠ. ನೀಟ್ ಬರೆಯುವವರು ಇದನ್ನು ಎರಡು ವರ್ಷ ಹೊತ್ತುಕೊಂಡಿರಬೇಕು.

ಸಂಜೆ ಕೂತುಕೊಳ್ಳಿ. ನೆಫ್ರಾನ್ ರಚನೆ ಮತ್ತು ಮೂತ್ರ ಹೇಗೆ ಆಗುತ್ತದೆ ಎಂಬ ಭಾಗ ಅಷ್ಟೇ. ಇಪ್ಪತ್ತೈದು ನಿಮಿಷ ನಿಧಾನವಾಗಿ, ಅರ್ಥ ಮಾಡಿಕೊಂಡು ಓದಿ. ಹೈಲೈಟರ್ ಬೇಡ. ಪುಟವೆಲ್ಲ ಹಳದಿ ಆದರೆ ಓದಿದ ಹಾಗೆ ಅನಿಸುತ್ತದೆ, ಅಷ್ಟೇ ಅದರ ಲಾಭ.

ಈಗ ಪುಸ್ತಕ ಮುಚ್ಚಿ. ಪಕ್ಕದ ಮೇಜಿನ ಮೇಲಿಡಿ. ಒಂದು ಖಾಲಿ ಹಾಳೆ ತೆಗೆದುಕೊಂಡು ನೆನಪಿದ್ದದ್ದನ್ನೆಲ್ಲ ಬರೆಯಿರಿ. ಮೊದಲು ಚಿತ್ರ: ಬೌಮನ್ ಕ್ಯಾಪ್ಸೂಲ್, ಪಿಸಿಟಿ (ಮೊದಲ ಸುರುಳಿ ನಾಳ), ಹೆನ್ಲೆ ಲೂಪ್, ಡಿಸಿಟಿ (ಕೊನೆಯ ಸುರುಳಿ ನಾಳ), ಸಂಗ್ರಾಹಕ ನಾಳ. ಆಮೇಲೆ ಪ್ರತಿ ಜಾಗದಲ್ಲಿ ಏನಾಗುತ್ತದೆ. ಎರಡೂ ಮೂತ್ರಪಿಂಡ ಸೇರಿ ನಿಮಿಷಕ್ಕೆ ಎಷ್ಟು ಸೋಸುತ್ತವೆ? 125 ಮಿಲಿಲೀಟರ್. ದಿನಕ್ಕೆ? 180 ಲೀಟರ್. ಹಾಗಾದರೆ ಮೂತ್ರ ಯಾಕೆ ಒಂದೂವರೆ ಲೀಟರ್ ಆಸುಪಾಸು ಮಾತ್ರ? ಉಳಿದದ್ದು ಎಲ್ಲಿ ವಾಪಸ್ ಹೋಯಿತು? ಹೆನ್ಲೆ ಲೂಪಿನ ಇಳಿಯುವ ಭಾಗ ನೀರು ಬಿಡುತ್ತದೋ, ಏರುವ ಭಾಗವೋ?

ಈ ಕೊನೆಯ ಪ್ರಶ್ನೆಯಲ್ಲಿ ಬಹಳ ಮಂದಿ ಎಡವುತ್ತಾರೆ. ಎಡವಿ, ಪರವಾಗಿಲ್ಲ. ತಲೆ ಕೆರೆದುಕೊಂಡು ಹುಡುಕುವ ಆ ಅರ್ಧ ನಿಮಿಷವೇ ಬೆಲೆಬಾಳುವಂಥದ್ದು. ಪುಸ್ತಕವನ್ನು ಬೇಗ ತೆರೆಯಬೇಡಿ. ಬರೆದು ಮುಗಿದ ಮೇಲೆ ತೆರೆದು, ತಪ್ಪಿದ್ದನ್ನು ಕೆಂಪು ಪೆನ್ನಿನಲ್ಲಿ ತಿದ್ದಿ: ಇಳಿಯುವ ಭಾಗದಲ್ಲಿ ನೀರು ಹೊರಗೆ ಹೋಗುತ್ತದೆ, ಏರುವ ಭಾಗ ನೀರನ್ನು ಬಿಡುವುದಿಲ್ಲ, ಲವಣವನ್ನು ಬಿಡುತ್ತದೆ.

ತಿದ್ದುವುದು ಅದೇ ಹೊತ್ತಿಗೆ ಆಗಬೇಕು. ಅದಕ್ಕೂ ಕಾರಣ ಇದೆ. ಕರೀಮ್ ನಾದರ್, ಗ್ಲೆನ್ ಶಾಫ್, ಜೋಸೆಫ್ ಲೆಡೂ 2000ದಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದು: ಗಟ್ಟಿಯಾಗಿದ್ದ ಭಯದ ನೆನಪನ್ನು ಮತ್ತೆ ಎಬ್ಬಿಸಿದರೆ ಅದು ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ಪುನಃ ಪ್ರೋಟೀನ್ ತಯಾರಾಗಿಯೇ ಗಟ್ಟಿಯಾಗಬೇಕು. ಎಲ್ಲ ನೆನಪೂ ಎಲ್ಲ ಸಲವೂ ಹೀಗೆ ಸಡಿಲಾಗುವುದಿಲ್ಲ. ಆದರೂ ನೆನಪು ತಿದ್ದುಪಡಿಗೆ ತೆರೆದಿರುವ ಹೊತ್ತಿನಲ್ಲೇ ಸರಿ ಉತ್ತರ ಕೊಟ್ಟುಬಿಡುವುದು ಜಾಣತನ. ತಪ್ಪನ್ನು ಹಾಗೇ ಬಿಟ್ಟು ಎದ್ದರೆ ಅದೂ ಕೂತುಬಿಡಬಹುದು.

ಈಗ ಎದ್ದು ಹತ್ತು ಹದಿನೈದು ನಿಮಿಷ ಓಡಾಡಿ. ಬಂದು ಬೇರೆ ಹಾಳೆಯಲ್ಲಿ ಇನ್ನೊಮ್ಮೆ, ಈ ಸಲ ಚಿಕ್ಕದಾಗಿ. ಅಷ್ಟಕ್ಕೆ ಆ ದಿನದ ನೆಫ್ರಾನ್ ಮುಗಿಯಿತು. ಇನ್ನೂ ಓದುವ ಉಮೇದು ಇದ್ದರೆ ಬೇರೆ ವಿಷಯ ತೆಗೆಯಿರಿ. ನೆಫ್ರಾನನ್ನೇ ನಾಲ್ಕನೇ ಸಲ ಓದಬೇಡಿ.

ಮರುದಿನ ಬೆಳಿಗ್ಗೆ ಪುಸ್ತಕ ಮುಟ್ಟದೆ ಖಾಲಿ ಹಾಳೆ. ಆಮೇಲೆ ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ. ನಂತರ ಎರಡು ವಾರಕ್ಕೆ, ತಿಂಗಳಿಗೆ. ಈ ಅಂಕಿಗಳನ್ನು ಪಂಚಾಂಗದ ಮುಹೂರ್ತ ಮಾಡಿಕೊಳ್ಳಬೇಡಿ. ಸೂತ್ರ ಇಷ್ಟೇ: ಪರೀಕ್ಷೆ ದೂರ ಇದ್ದಷ್ಟೂ ಬಿಡುವು ಉದ್ದ ಇರಲಿ. ಸ್ವಲ್ಪ ಮರೆಯಲು ಶುರುವಾದಾಗ, ಪೂರ್ತಿ ಅಳಿಯುವ ಮುಂಚೆ ವಾಪಸ್ ಬನ್ನಿ. ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ ಅಳೆದ ಪ್ರಕಾರ, ಒಂದು ಗಂಟೆಯೊಳಗೆ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು, ಒಂದು ದಿನಕ್ಕೆ ಸುಮಾರು ಮೂರನೇ ಎರಡು ಪಾಲು. ಅರ್ಥ ಆದ ಪಾಠ ಇಷ್ಟು ಬೇಗ ಹೋಗುವುದಿಲ್ಲ. ಅದಕ್ಕೇ ಮೊದಲ ಓದು ನಿಧಾನ ಇರಲಿ ಎಂದದ್ದು.

"ಮೇಡಂ, ನಿನ್ನೆ ರಾತ್ರಿ ಎಲ್ಲಾ ಬರ್ತಿತ್ತು" ಎಂದು ಹುಡುಗರು ಹೇಳುತ್ತಿರುತ್ತಾರೆ. "ಬರ್ತಿತ್ತು ಅಂತ ಹೆಂಗೆ ಗೊತ್ತಾಯ್ತು ಮಾರಾಯ? ಪುಸ್ತಕ ಮುಚ್ಚಿದ್ಯಾ?" ಎಂದರೆ ಸುಮ್ಮನೆ ನಗುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನೇ ನೋಡಿದರು. ನಾಲ್ಕು ಸಲ ಬರೀ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಶೇ. 83 ನೆನಪಿಸಿಕೊಂಡರು. ಒಮ್ಮೆ ಓದಿ ಮೂರು ಸಲ ನೆನಪಿನಿಂದ ಬರೆದವರು ಶೇ. 71. ಓದಿದವರೇ ಮುಂದೆ. ಒಂದು ವಾರ ಬಿಟ್ಟು ನೋಡಿದರೆ ಓದಿದವರು ಶೇ. 40ಕ್ಕೆ ಇಳಿದಿದ್ದರು, ಬರೆದವರು ಶೇ. 61ರಲ್ಲಿದ್ದರು. ಆ ರಾತ್ರಿ "ಎಲ್ಲಾ ಬರ್ತಿತ್ತು" ಎನ್ನುವುದು ಆ 83.

ಚಿತ್ರಗಳ ಬಗ್ಗೆ ಒಂದು ಮಾತು. ಕೈಗೆ ಬರುವ ಕೌಶಲದ ನೆನಪು ಬೇರೆ ದಾರಿಯಲ್ಲಿ ಹೋಗುತ್ತದೆ. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬವರಿಗೆ ಮೂರ್ಛೆರೋಗಕ್ಕೆಂದು ಆಪರೇಷನ್ ಮಾಡಿ ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ಹೆಚ್ಚಿನ ಭಾಗ ತೆಗೆದರು. ಆಮೇಲೆ ಹೊಸ ಸಂಗತಿ ಯಾವುದೂ ಅವರಿಗೆ ನೆನಪಿನಲ್ಲಿ ಉಳಿಯಲಿಲ್ಲ. ಆದರೆ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್, ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯಲು ಮೊಲೈಸನ್ ಅವರಿಗೆ ಹೇಳಿದಾಗ ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಹಿಂದೆ ಅದನ್ನು ಮಾಡಿದ್ದೇ ಅವರಿಗೆ ನೆನಪಿರಲಿಲ್ಲ! ಹಾಗಾಗಿ ನೆಫ್ರಾನ್ ಚಿತ್ರವನ್ನು ಕಣ್ಣಲ್ಲಿ ನೋಡಿ ಬಿಡಬೇಡಿ. ಕೈ ಬರೆಯಲಿ, ಹಲವು ದಿನ ಬರೆಯಲಿ.

ಓದಿನ ಆಚೀಚೆಯ ಒಂದು ಗಂಟೆ

ಇದು ಮೇಷ್ಟ್ರುಗಳಿಗೂ ಉಪಯೋಗಕ್ಕೆ ಬರುವಂಥದ್ದು. 1997ರಲ್ಲಿ ಫ್ರೈ ಮತ್ತು ಮಾರಿಸ್ ಒಂದು ಸಂಗತಿ ಕಂಡರು. ದುರ್ಬಲ ಪ್ರಚೋದನೆ ಸಿಕ್ಕ ಸಿನಾಪ್ಸ್ ತಾನಾಗಿ ಹೊಸ ಪ್ರೋಟೀನ್ ತರಿಸಲಾರದು. ಆದರೆ ತನ್ನ ಮೇಲೆ ಒಂದು ಗುರುತು ಹಾಕಿಕೊಂಡು ಕಾಯುತ್ತದೆ. ಅದೇ ಕೋಶದ ಬೇರೆ ಸಿನಾಪ್ಸ್‌ಗೆ ಬಲವಾದ ಪ್ರಚೋದನೆ ಸಿಕ್ಕು ಪ್ರೋಟೀನ್ ಬಂದರೆ, ಗುರುತು ಇರುವ ಇದೂ ತನ್ನ ಪಾಲು ಎತ್ತಿಕೊಳ್ಳುತ್ತದೆ. ಗುರುತು ಕೆಲವು ಗಂಟೆ ಮಾತ್ರ ಇರುತ್ತದೆ.

ಅರ್ಜೆಂಟೀನಾದವರು ಇದನ್ನು ಶಾಲೆಗೇ ತಂದರು. ಬ್ಯೂನಸ್ ಐರಿಸ್‌ನ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಒಂದು ಕಥೆ ಓದಿ ಹೇಳಿದರು. ಕೆಲವರಿಗೆ ಅದಕ್ಕಿಂತ ಒಂದು ಗಂಟೆ ಮುಂಚೆ ಅಥವಾ ಒಂದು ಗಂಟೆ ನಂತರ, ಅವರು ಹಿಂದೆಂದೂ ನೋಡಿರದ ಬಗೆಯ ವಿಜ್ಞಾನ ಅಥವಾ ಸಂಗೀತ ಪಾಠ. ಮರುದಿನ ಆ ಮಕ್ಕಳಿಗೆ ಕಥೆ ಚೆನ್ನಾಗಿ ನೆನಪಿತ್ತು. ನಾಲ್ಕು ಗಂಟೆ ಅಂತರ ಇದ್ದವರಿಗೆ ಆ ಲಾಭ ಆಗಲಿಲ್ಲ. 2013ರ ಪ್ರಕಟಣೆ ಇದು. ನೀವೂ ಮಾಡಬಹುದು: ತೀರಾ ಬೋರು ಹೊಡೆಸುವ ಪಾಠ ಓದಿದ ಒಂದು ಗಂಟೆಯೊಳಗೆ ನಿಜಕ್ಕೂ ಹೊಸದೊಂದನ್ನು ಮಾಡಿ. ಹೋಗದ ದಾರಿಯಲ್ಲಿ ಸೈಕಲ್, ಗೊತ್ತಿಲ್ಲದ ಆಟ, ಅಜ್ಜಿಯ ಹತ್ತಿರ ಗೊತ್ತಿಲ್ಲದ ಅಡುಗೆ. ರೀಲ್ಸ್ ನೋಡಿದರೂ ಆಗುತ್ತಲ್ಲ ಎಂದು ಒಬ್ಬಳು ಕೇಳಿದಳು. ದಿನವೂ ಮಾಡುವುದು ಹೊಸದು ಹೇಗಾಗುತ್ತದೆ, ಅಲ್ವಾ?

ನಿದ್ದೆ, ಕಾಫಿ

ನಿದ್ದೆಯ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. 1994ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ತೋರಿಸಿದ ಹಾಗೆ, ಇಲಿ ಹಗಲು ಓಡಾಡುವಾಗ ಹಿಪ್ಪೊಕ್ಯಾಂಪಸ್‌ನಲ್ಲಿ ಒಟ್ಟಿಗೆ ಮಿಡಿದ ಕೋಶಗಳು ಅದು ಮಲಗಿದ ಮೇಲೂ ಒಟ್ಟಿಗೆ ಮಿಡಿಯುತ್ತವೆ. ಹಗಲಿನ ಪಾಠದ ಪುನರಾವರ್ತನೆ ಪುಕ್ಕಟೆಯಾಗಿ ನಡೆಯುತ್ತದೆ. 2009ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಇಲಿಮರಿಯಷ್ಟಿರುವ ಚಿಟ್ಟಿಲಿಗಳ ಐದು ಗಂಟೆ ನಿದ್ದೆ ಕೆಡಿಸಿದರು. ಸೈಕ್ಲಿಕ್ ಎಎಂಪಿಯನ್ನು ಒಡೆಯುವ ಪಿಡಿಇ-4 ಕಿಣ್ವ ಹಿಪ್ಪೊಕ್ಯಾಂಪಸ್‌ನಲ್ಲಿ ಹೆಚ್ಚಾಯಿತು, ಸೈಕ್ಲಿಕ್ ಎಎಂಪಿಯ ಸಂದೇಶ ಕುಗ್ಗಿತು. ಕ್ಯಾಂಡೆಲ್‌ನ ಅಪ್ಲೀಸಿಯಾದಲ್ಲಿ ಕೋಶಕೇಂದ್ರದವರೆಗೆ ಸುದ್ದಿ ಒಯ್ಯಲು ಶುರು ಮಾಡಿದ್ದು ಅದೇ ಅಣು. ನಿದ್ದೆಗೆಟ್ಟು ಓದುವವರು ಅದರ ಬುಡಕ್ಕೇ ಕೈ ಹಾಕುತ್ತಿದ್ದಾರೆ.

ಕಾಫಿ ನಿದ್ದೆಯನ್ನು ಮುಂದೂಡುತ್ತದೆಯೇ ಹೊರತು ನಿದ್ದೆಯ ಕೆಲಸ ಮಾಡುವುದಿಲ್ಲ. ಎಚ್ಚರ ಇದ್ದಷ್ಟೂ ಮೆದುಳಿನಲ್ಲಿ ಅಡಿನೋಸಿನ್ ಸೇರುತ್ತಾ ಹೋಗುತ್ತದೆ, ತೂಕಡಿಕೆ ತರುತ್ತದೆ. ಕೆಫೀನ್ ಅದರ ರಿಸೆಪ್ಟರ್ ಮೇಲೆ ಹೋಗಿ ಕೂರುತ್ತದೆ. ಕುಡಿದದ್ದರ ಅರ್ಧ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಫಿಲ್ಟರ್ ಕಾಫಿಯ ಅರ್ಧ ಭಾಗ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ ಎಂದಾಯಿತು. ಮಧ್ಯಾಹ್ನದ ಕಾಫಿಗೇ ನಿಲ್ಲಿಸಿ.

ಅಪ್ಪ ಅಮ್ಮಂದಿರು ಓದಬೇಕಾದ್ದು

ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ (ಜೀವವಿಜ್ಞಾನದ ಸಂಶೋಧನಾ ಸಂಸ್ಥೆ) ಸುಮಂತ್ರ ಚಟರ್ಜಿಯವರ ಪ್ರಯೋಗಾಲಯ 2002ರಲ್ಲಿ ಪ್ರಕಟಿಸಿದ ಕೆಲಸ ಒಂದಿದೆ. ನಿಮ್ಹಾನ್ಸ್‌ನವರೂ ಜೊತೆಗಿದ್ದರು. ಇಲಿಗಳನ್ನು ದಿನಕ್ಕೆ ಎರಡು ಗಂಟೆ, ಹತ್ತು ದಿನ ಅಲುಗಾಡದಂತೆ ಹಿಡಿದಿಟ್ಟರು. ಹಿಪ್ಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗಿದವು. ಭಯವನ್ನು ನೋಡಿಕೊಳ್ಳುವ ಅಮಿಗ್ಡಲಾದಲ್ಲಿ ಕವಲುಗಳು ಬೆಳೆದವು. 2004ರಲ್ಲಿ ಅದೇ ಪ್ರಯೋಗಾಲಯ ಪ್ರಕಟಿಸಿದ ಮುಂದಿನ ಕೆಲಸದಲ್ಲಿ, ಒತ್ತಡ ನಿಲ್ಲಿಸಿ ಮೂರು ವಾರ ಬಿಟ್ಟು ನೋಡಿದರೆ ಹಿಪ್ಪೊಕ್ಯಾಂಪಸ್ ಸುಧಾರಿಸಿತ್ತು. ಅಮಿಗ್ಡಲಾ ಹಾಗೇ ಇತ್ತು.

ಇಲಿಗೂ ಮಗುವಿಗೂ ವ್ಯತ್ಯಾಸ ಇದೆ. ಆದರೂ ದಿನಾ ಊಟದ ಹೊತ್ತಿಗೆ "ಪಕ್ಕದ ಮನೆಯವಳಿಗೆ ಎಷ್ಟು ಬಂತು ನೋಡು" ಎನ್ನುವ ಮುಂಚೆ ಇದೊಂದು ನೆನಪಿರಲಿ. ಸ್ವಲ್ಪ ಆತಂಕ ಒಳ್ಳೆಯದೇ, ಮೈಮೇಲೆ ಎಚ್ಚರ ತರುತ್ತದೆ. ತಿಂಗಳಾನುಗಟ್ಟಲೆ ಬೆದರಿಸುವುದು ಬೇರೆ ಕಥೆ.

ಇನ್ನು ಆ ಪಟ್ಟಿಯ ವಿಷಯ. ಒಂದೆಲಗದ ತಂಬುಳಿ ಮಾಡಿ, ನಮ್ಮ ಕಡೆ ಅದಿಲ್ಲದೆ ಬೇಸಿಗೆ ಇಲ್ಲ. ರುಚಿಗಾಗಿ ಮಾಡಿ. ರ‍್ಯಾಂಕು ಅದರ ತಲೆಗೆ ಕಟ್ಟಬೇಡಿ. ನೀರುಬ್ರಾಹ್ಮಿ ಎಂಬ ಬೇರೆ ಗಿಡದ ಸಾರವನ್ನು ಮೂರು ತಿಂಗಳು ಕೊಟ್ಟು ನೋಡಿದ ಪರೀಕ್ಷೆಗಳಿವೆ, ಲಾಭ ಕಂಡದ್ದೂ ಇದೆ, ಆದರೆ ಸಣ್ಣದು. ಅದಕ್ಕಿಂತ ನಡಿಗೆಯ ಲೆಕ್ಕ ಚೆನ್ನಾಗಿದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 120 ಹಿರಿಯರಲ್ಲಿ ಅರ್ಧ ಮಂದಿ ಒಂದು ವರ್ಷ, ವಾರಕ್ಕೆ ಮೂರು ದಿನ, 40 ನಿಮಿಷದವರೆಗೆ ನಡೆದರು. ಅವರ ಹಿಪ್ಪೊಕ್ಯಾಂಪಸ್ ಗಾತ್ರ ಸುಮಾರು ಶೇ. 2 ಹೆಚ್ಚಾಯಿತು. ಉಳಿದವರದ್ದು ಸ್ವಲ್ಪ ಕುಗ್ಗಿತು. ಮಗುವಿಗೆ ನಿಜಕ್ಕೂ ಮಂಕು, ಸುಸ್ತು, ಮರೆವು ಇದ್ದರೆ ಸಿರಪ್ಪಿನ ಬದಲು ಡಾಕ್ಟರ ಹತ್ತಿರ ಹೋಗಿ ಬಿ12, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ. ಸಸ್ಯಾಹಾರಿ ಮನೆಗಳಲ್ಲಿ ಬಿ12 ಕಡಿಮೆ ಇರುವುದು ಸಾಮಾನ್ಯ.

ಪರೀಕ್ಷೆಯ ದಿನ

ಬೆಳಿಗ್ಗೆ ಹೊಸ ಪಾಠ ತೆರೆಯಬೇಡಿ. ಕೆಂಪು ಪೆನ್ನಿನಲ್ಲಿ ತಿದ್ದಿದ ಹಾಳೆಗಳನ್ನಷ್ಟೇ ನೋಡಿ.

ಪರೀಕ್ಷೆಯ ಕೋಣೆಯಲ್ಲಿ ಗೊತ್ತಿದ್ದದ್ದೇ ನೆನಪಿಗೆ ಬಾರದ ಹಾಗೆ ಆದರೆ ನೆನಪು ಅಳಿಸಿಹೋಯಿತು ಎಂದುಕೊಳ್ಳಬೇಡಿ. 2000ದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಡೊಮಿನಿಕ್ ದ ಕ್ವೆರ್ವೇನ್ ಮತ್ತು ಸಂಗಡಿಗರು ಜನರಿಗೆ ಪದಗಳನ್ನು ಕಲಿಸಿ, ಮರುದಿನ ಪರೀಕ್ಷೆಗೆ ಒಂದು ಗಂಟೆ ಮುಂಚೆ ಕಾರ್ಟಿಸೋನ್ ಮಾತ್ರೆ ಕೊಟ್ಟರು. ನೆನಪಿಸಿಕೊಳ್ಳುವುದು ಕಡಿಮೆಯಾಯಿತು. ದೇಹದೊಳಗೆ ಅದು ಕಾರ್ಟಿಸಾಲ್ ಆಗುತ್ತದೆ, ಒತ್ತಡದಲ್ಲಿ ನಮ್ಮ ಮೈಯೇ ಬಿಡುವ ಹಾರ್ಮೋನು. ಪದಗಳು ಒಳಗೇ ಇದ್ದವು, ಹೊರಗೆ ಬರುವ ದಾರಿಗೆ ಅಡ್ಡಿಯಾಗಿತ್ತು. ಆ ಪ್ರಶ್ನೆಯ ಜೊತೆ ಗುದ್ದಾಡಿದಷ್ಟೂ ಗಾಬರಿ ಹೆಚ್ಚುತ್ತದೆ. ಪಕ್ಕಕ್ಕೆ ಗುರುತು ಹಾಕಿ ಮುಂದೆ ಹೋಗಿ. ಖಂಡಿತ ಬರುವ ಎರಡು ಮೂರು ಉತ್ತರ ಬರೆಯಿರಿ, ಉಸಿರು ತಹಬಂದಿಗೆ ಬರುತ್ತದೆ. ಆಮೇಲೆ ವಾಪಸ್ ಬಂದು, ಉತ್ತರವನ್ನು ನೇರ ಹುಡುಕದೆ ಅದರ ಅಕ್ಕಪಕ್ಕದಿಂದ ಶುರು ಮಾಡಿ. ಏರುವ ಭಾಗದ ಪ್ರಶ್ನೆ ಸಿಕ್ಕಿಬಿದ್ದಿದ್ದರೆ ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ನೆಫ್ರಾನನ್ನು ಬೌಮನ್ ಕ್ಯಾಪ್ಸೂಲಿನಿಂದ ಬರೆಯುತ್ತಾ ಬನ್ನಿ. ಎಷ್ಟೋ ಸಲ ಕೈ ಅಲ್ಲಿಗೆ ತಲುಪುವ ಮುಂಚೆಯೇ ಉತ್ತರ ಬಂದಿರುತ್ತದೆ.

ಹೊರಗೆ ಬಂದ ಮೇಲೆ ಗೇಟಿನ ಹತ್ತಿರ ನಿಂತು ಉತ್ತರ ತಾಳೆ ನೋಡುವ ಗುಂಪಿಗೆ ಸೇರಬೇಡಿ. ಮನೆಗೆ ಹೋಗಿ ಊಟ ಮಾಡಿ, ಸ್ವಲ್ಪ ಮಲಗಿ, ಆಮೇಲೆ ಕೆಮಿಸ್ಟ್ರಿ ತೆಗೆಯಿರಿ.